ಮೀನು ತಬ್ಬಿದ ಮಗು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಏಳನೆಯ ತರಗತಿಯಲ್ಲಿ ಒತ್ತಕ್ಷರದ ತಪ್ಪಿಗೆ ನನ್ನಿಂದ ಬೈಸಿಕೊಂಡವಳು, ಈಗ ಕಂಪನಿ ಕೆಲಸದ ಮೇಲೆ ದೇಶವಿದೇಶ ಸುತ್ತುತ್ತಾಳೆ. ಈ ಸಲ ಚೀನಾದ ತ್ಯಾನ್‌ಜಿನ್ ನಗರಕ್ಕೆ ಹೋಗಿದ್ದಳಂತೆ. "ಟೀಚರ್, ಅಕ್ಕ ಬಾಣಂತನಕ್ಕೆ ಬರ್ತಿದ್ದಾರೆ ಅಂತ ಗೊತ್ತಾಯ್ತು. ಅವರ ಕೋಣೆಗೆ ಇರಲಿ ಅಂತ ತಂದೆ" ಎಂದು ಒಂದು ಕಾಗದದ ಸುರುಳಿಯನ್ನು ಕೈಗಿತ್ತಳು.

ಬಿಚ್ಚಿ ನೋಡಿದರೆ ಮರದಚ್ಚಿನಿಂದ ಮುದ್ರಿಸಿ ಬಣ್ಣ ಹಚ್ಚಿದ ಚಿತ್ರ. ದುಂಡು ಮೈಯ ಮಗುವೊಂದು ತನ್ನಷ್ಟೇ ದೊಡ್ಡದಾದ ಗೆಂಡೆ ಮೀನನ್ನು ತಬ್ಬಿ ಕುಳಿತಿದೆ. ಕೈಯಲ್ಲಿ ತಾವರೆ, ಎದೆಗೆ ಕೆಂಪು ಬಟ್ಟೆ, ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಕೂದಲ ಕುಚ್ಚು. ಕೆನ್ನೆಯನ್ನು ಹಿಂಡಿಬಿಡೋಣ ಎನ್ನಿಸುವಂತಿತ್ತು. ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು. "ಎಷ್ಟು ಮುದ್ದಾಗಿದೆ ಗಂಡುಮಗು! ಮಂಚದ ಎದುರಿಗೇ ಹಾಕ್ರೀ, ದಿನಾ ಬೆಳಿಗ್ಗೆ ಎದ್ದು ನೋಡಲಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೂ ನನ್ನೊಳಗೆ ಎಲ್ಲೋ ಚುರುಕ್ಕೆಂದಿತು.

ಕಾರಣವಿದೆ. 1996ರಲ್ಲಿ ನಾನು ಮೊದಲ ಬಸುರಿಯಾಗಿದ್ದಾಗ ನಮ್ಮ ಅತ್ತೆಯವರು ಬೆಣ್ಣೆ ತಿನ್ನುವ ಬಾಲಕೃಷ್ಣನ ಚಿತ್ರವೊಂದನ್ನು ತಂದು ನನ್ನ ಮಂಚದ ಎದುರಿಗೆ ತೂಗುಹಾಕಿದ್ದರು. ನಿಮ್ಮಲ್ಲಿ ಅನೇಕರ ಕೋಣೆಯಲ್ಲೂ ಅಂಥದ್ದೊಂದು ಇದ್ದಿರಬಹುದು. ನೋಡಿ ನೋಡಿ ನನಗೂ ಆ ಕೃಷ್ಣನ ಮೇಲೆ ಪ್ರೀತಿ ಹುಟ್ಟಿತ್ತು. ಹುಟ್ಟಿದವಳು ಮಗಳು. ಚಿತ್ರ ಅಲ್ಲೇ ಉಳಿಯಿತು. 1999ರಲ್ಲಿ ಮತ್ತೆ ಮಗಳೇ ಹುಟ್ಟಿದಾಗ, ನಾನು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಯಾರೂ ಒಂದು ಮಾತೂ ಆಡಲಿಲ್ಲ. ಅತ್ತೆ ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಬರಿಯ ಮೊಳೆಯನ್ನು ನೋಡುತ್ತ ನಲವತ್ತು ದಿನ ಬಾಣಂತನ ಮಾಡಿಸಿಕೊಂಡೆ.

ಹಾಗಾಗಿ ಈ ಚೀನೀ ಮಗುವನ್ನು ಗೋಡೆಗೆ ಏರಿಸುವ ಮೊದಲು ಅದರ ಕುಲಗೋತ್ರ ತಿಳಿಯಬೇಕೆನ್ನಿಸಿತು. ಗ್ರಂಥಾಲಯದಲ್ಲಿ ಸಿಕ್ಕ ಪುಸ್ತಕಗಳನ್ನು ತಂದೆ. ಕೈಯಲ್ಲಿ ಭೂತಗನ್ನಡಿ ಹಿಡಿದು ಚಿತ್ರವನ್ನು ಓದತೊಡಗಿದೆ.

ಚೀನಾದಲ್ಲಿ ಇವಕ್ಕೆ ನ್ಯಾನ್‌ಹ್ವಾ ಎನ್ನುತ್ತಾರೆ; ಹೊಸ ವರ್ಷದ ಚಿತ್ರ ಎಂದರ್ಥ. ಅವರ ಚಾಂದ್ರಮಾನ ಹೊಸವರ್ಷ ಹತ್ತಿರ ಬಂದಾಗ ಮನೆಯೆಲ್ಲ ಗುಡಿಸಿ, ಬಣ್ಣ ಮಾಸಿದ ಹಳೆಯ ಚಿತ್ರ ಕಿತ್ತು, ಹೊಸದನ್ನು ಅಂಟಿಸುವುದು ಪದ್ಧತಿ. ಬೀದಿ ಬಾಗಿಲಿನ ಎರಡು ಕದಗಳಿಗೆ ಇಬ್ಬರು ದ್ವಾರಪಾಲಕರು, ಒಲೆಯ ಹಿಂದಿನ ಗೋಡೆಗೆ ಒಲೆ ದೇವರು, ಮಲಗುವ ಕೋಣೆಗೆ ಮಕ್ಕಳ ಚಿತ್ರ. ತ್ಯಾನ್‌ಜಿನ್ ಬಳಿಯ ಯಾಂಗ್‌ಲ್ಯೂಚಿಂಗ್, ಸೂಚೌ ನಗರದ ತಾವ್‌ಹ್ವಾವು, ಶಾನ್‌ಡಾಂಗ್ ಪ್ರಾಂತದ ಯಾಂಗ್‌ಜ್ಯಾಬು, ಹೆನಾನ್ ಪ್ರಾಂತದ ಜೂಶ್ಯಾನ್‌ಜೆನ್, ಸಿಚುವಾನ್ ಪ್ರಾಂತದ ಮ್ಯಾನ್‌ಜು – ಹೀಗೆ ಒಂದೊಂದು ಊರಿನದು ಒಂದೊಂದು ರೀತಿ. ನಮ್ಮ ಮನೆಗೆ ಬಂದ ಮಗು ಯಾಂಗ್‌ಲ್ಯೂಚಿಂಗ್‌ನದು.

ಮಗುವಿನ ಕೈಯಲ್ಲಿ ಮೀನೇಕೆ, ತಾವರೆ ಏಕೆ? ಇಲ್ಲಿರುವುದು ಶ್ಲೇಷೆ. ಚೀನೀ ಭಾಷೆಯಲ್ಲಿ ತಾವರೆಗೆ 'ಲ್ಯಾನ್'. 'ಒಂದರ ಮೇಲೊಂದು, ಎಡೆಬಿಡದೆ' ಎನ್ನುವುದಕ್ಕೂ 'ಲ್ಯಾನ್'. ಮೀನಿಗೆ 'ಯು', ಉಂಡು ಮಿಗುವುದಕ್ಕೂ 'ಯು'. ತಾವರೆಯನ್ನೂ ಮೀನನ್ನೂ ಒಟ್ಟಿಗೆ ಇಟ್ಟರೆ 'ವರ್ಷ ವರ್ಷವೂ ಮನೆಯಲ್ಲಿ ಮಿಗಲಿ' ಎಂಬ ಹಾರೈಕೆಯಾಯಿತು. ಹೀಗೆಯೇ ಬಾವಲಿಯ ಹೆಸರೂ ಭಾಗ್ಯದ ಹೆಸರೂ ಒಂದೇ ಉಲಿ, 'ಫು'. ಬೀಜ ತುಂಬಿದ ದಾಳಿಂಬೆ ಬರೆದರೆ ಮನೆ ತುಂಬ ಮಕ್ಕಳಾಗಲಿ ಎಂದು. ನಮ್ಮ ಹಳಗನ್ನಡ ಕವಿಗಳು ಶ್ಲೇಷೆಯನ್ನು ಪಂಡಿತರ ಮೆಚ್ಚುಗೆಗೆ ಹೆಣೆದರು. ಇಲ್ಲಿ ಅದು ಅಕ್ಷರ ಬಾರದ ಹೆಂಗಸರಿಗಾಗಿ ಇತ್ತು. ಚಿತ್ರದಲ್ಲಿ ಕಂಡದ್ದರ ಹೆಸರನ್ನು ಬಾಯಲ್ಲಿ ಹೇಳಿದರೆ ಸಾಕು, ಕಿವಿಗೆ ಹಾರೈಕೆ ಕೇಳಿಸುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದ ನನಗೆ ಇದು ಬಹಳ ಹಿಡಿಸಿತು. ಶಾಲೆಯ ಮೆಟ್ಟಿಲು ಹತ್ತದವಳಿಗೂ ಓದಲು ಬರುವ ಒಂದು ಹಾಳೆಯ ಪುಸ್ತಕ!

ಓದಿದ್ದು ಹೆಂಗಸರು ಎಂದೆ. ಬರೆದವರು ಯಾರು ಎಂದು ನೋಡಲು ಹೋದಾಗ ಕಥೆ ಬೇರೆಯಾಗುತ್ತದೆ. ಚಿತ್ರಕಾರ ತೆಳು ಕಾಗದದ ಮೇಲೆ ರೇಖೆ ಬರೆಯುತ್ತಾನೆ. ಕೆತ್ತುವವನು ಆ ಕಾಗದವನ್ನು ಪೇರ್ ಹಣ್ಣಿನ ಮರದಂಥ ಗಟ್ಟಿ ಹಲಗೆಗೆ ಮಗುಚಿ ಅಂಟಿಸಿ, ರೇಖೆಯನ್ನು ಉಳಿಸಿ ಮಿಕ್ಕದ್ದನ್ನು ತೆಗೆಯುತ್ತಾನೆ. ಹಲಗೆಗೆ ಮಸಿ ಸವರಿ, ಕಾಗದ ಹಾಸಿ, ಬೆನ್ನ ಮೇಲೆ ನಾರಿನ ಬ್ರಷ್ ಉಜ್ಜಿದರೆ ಕಪ್ಪು ರೇಖೆ ಮೂಡುತ್ತದೆ. ಆಮೇಲೆ ಕೆಂಪಿಗೊಂದು, ಹಸಿರಿಗೊಂದು, ಹಳದಿಗೊಂದು ಹೀಗೆ ಬಣ್ಣಕ್ಕೊಂದು ಅಚ್ಚು. ಜೂಶ್ಯಾನ್‌ಜೆನ್‌ನಲ್ಲಿ ಎಲ್ಲವೂ ಅಚ್ಚಿನಿಂದಲೇ. ಯಾಂಗ್‌ಲ್ಯೂಚಿಂಗ್‌ನಲ್ಲಿ ಅರ್ಧ ಅಚ್ಚು, ಅರ್ಧ ಕೈ. ಮುಖ, ಕೆನ್ನೆ, ಕಣ್ಣು, ಬಟ್ಟೆಯ ಹೂವು ಎಲ್ಲ ಕುಂಚದ ಕೆಲಸ. ಬರೆಯುವವರೂ ಕೆತ್ತುವವರೂ ಹೆಚ್ಚಾಗಿ ಗಂಡಸರು. ಅನೇಕ ಮನೆತನಗಳಲ್ಲಿ ಆ ವಿದ್ಯೆ ತಂದೆಯಿಂದ ಮಗನಿಗೆ ಹೋಗುತ್ತಿತ್ತು, ಮಗಳಿಗಲ್ಲ. ಬಣ್ಣ ತುಂಬುವ ಕೆಲಸ ಮಾತ್ರ ಸುತ್ತಲಿನ ಹಳ್ಳಿಗಳ ಹೆಂಗಸರು ಮಕ್ಕಳ ಪಾಲಿಗೆ. ಹೊಲದ ಕೆಲಸ ಮುಗಿದ ಮೇಲೆ ಕಟ್ಟುಗಟ್ಟಲೆ ಹಾಳೆಗಳು ಅವರ ಮನೆಗಳಿಗೆ ಬರುತ್ತಿದ್ದವು. ಪುಸ್ತಕದ ಹಾಳೆಯಂತೆ ತಿರುಗುವ ಮರದ ಕದಗಳಿಗೆ ಹಾಳೆ ಅಂಟಿಸಿಕೊಂಡು, ಒಂದೇ ಬಣ್ಣವನ್ನು ಒಂದಾದ ಮೇಲೊಂದಕ್ಕೆ ಹಚ್ಚುತ್ತ ಹೋಗುವುದು. ಅಲ್ಲಿ ಮನೆ ಮನೆಯಲ್ಲೂ ಬಣ್ಣ ತುಂಬಬಲ್ಲವರಿದ್ದಾರೆ ಎಂದು ಒಂದು ಗಾದೆಯೇ ಇದೆ. ಅಂಗಡಿಗಳ ಹೆಸರು ಚರಿತ್ರೆಯಲ್ಲಿ ಉಳಿದಿವೆ. ದಾಯ್ ಲ್ಯಾನ್‌ಜೆಂಗ್ ಎಂಬುದು ಅವುಗಳಲ್ಲಿ ಪ್ರಸಿದ್ಧ. ಆ ಹೆಂಗಸರ ಹೆಸರು ಚಿತ್ರದ ಮೇಲೆ ಎಲ್ಲೂ ಇಲ್ಲ.

ಭೂತಗನ್ನಡಿ ಹಿಡಿದು ನನ್ನ ಚಿತ್ರದ ಕೆನ್ನೆ ನೋಡಿದೆ. ಕಪ್ಪು ರೇಖೆ ಕದಲದೆ ನಿಂತಿದೆ. ಕೆನ್ನೆಯ ಗುಲಾಬಿ ಹಾಗಲ್ಲ. ಒಂದು ಕುಂಚದಲ್ಲಿ ಬಣ್ಣ ಇಟ್ಟು, ನೀರಿನ ಕುಂಚದಿಂದ ಅಂಚನ್ನು ಕರಗಿಸಿದ್ದಾರೆ. ಎಡಗೆನ್ನೆಗಿಂತ ಬಲಗೆನ್ನೆ ಒಂದು ಎಳೆ ಹೆಚ್ಚು ಕೆಂಪು. ಈ ಚಿತ್ರದಲ್ಲಿ ಜೀವವಿರುವುದು ಅಲ್ಲಿಯೇ. ರೇಖೆ ಮಗುವಿನ ಆಕಾರ ಕೊಟ್ಟಿದೆ ಅಷ್ಟೆ. ಎತ್ತಿಕೊಳ್ಳಬೇಕು ಎನ್ನಿಸುವಂತೆ ಮಾಡಿದ್ದು ಆ ಬಣ್ಣ.

ಈಗ ನನ್ನ ತಕರಾರಿಗೆ ಬರುತ್ತೇನೆ. ಪುಸ್ತಕದಲ್ಲಿ ಮಕ್ಕಳ ಚಿತ್ರಗಳನ್ನು ಒಂದೊಂದಾಗಿ ತಿರುವಿದೆ. ಎಲ್ಲೆಲ್ಲೂ ಗಂಡುಮಕ್ಕಳು. ಐದು ಹುಡುಗರು ಒಂದು ಶಿರಸ್ತ್ರಾಣಕ್ಕಾಗಿ ಕಿತ್ತಾಡುವ ಪ್ರಸಿದ್ಧ ಚಿತ್ರವೊಂದಿದೆ. ಶಿರಸ್ತ್ರಾಣದ ಹೆಸರೂ ಪರೀಕ್ಷೆಯಲ್ಲಿ ಮೊದಲಿಗನ ಹೆಸರೂ ಕಿವಿಗೆ ಒಂದೇ. ಮಕ್ಕಳು ರ‍್ಯಾಂಕ್ ತರಲಿ ಎಂದು ಹಾರೈಕೆ! ಐವರಲ್ಲಿ ಒಬ್ಬಳೂ ಹುಡುಗಿಯಿಲ್ಲ. ಹೆಣ್ಣುಗಳು ಚಿತ್ರಗಳಲ್ಲಿ ಇಲ್ಲವೇ ಇಲ್ಲ ಎನ್ನಲಾರೆ. ಗಂಡುಮಗುವನ್ನು ಆಡಿಸುವ ಸುಂದರಿಯರಿದ್ದಾರೆ. ನಾಟಕಗಳಿಂದ ಬಂದ ಮು ಗ್ವೇಯಿಂಗ್ ಎಂಬ ವೀರವನಿತೆ ಆಯುಧ ಹಿಡಿದು ನಿಂತಿದ್ದಾಳೆ. ಆದರೆ ಹಾರೈಕೆಯಾಗಿ ಬಂದ ಹೆಣ್ಣುಮಗು, 'ಇಂಥವಳು ನಮ್ಮ ಮನೆಯಲ್ಲಿ ಹುಟ್ಟಲಿ' ಎಂದು ಗೋಡೆಗೆ ಅಂಟಿಸಿದ ಹೆಣ್ಣುಮಗು ನನ್ನ ಕಣ್ಣಿಗೆ ಬೀಳಲಿಲ್ಲ. ಆ ಹಳ್ಳಿಯ ಹುಡುಗಿಯರು ಚಳಿಗಾಲವಿಡೀ ಕುಳಿತು ತಾವಲ್ಲದ ಮಕ್ಕಳ ಕೆನ್ನೆಗೆ ಬಣ್ಣ ಹಚ್ಚಿದರು, ಯಾರದೋ ಮನೆಯಲ್ಲಿ ಗಂಡು ಹುಟ್ಟಲಿ ಎಂದು!

ಒಲೆ ದೇವರ ಚಿತ್ರದಲ್ಲಿ ಇದು ಇನ್ನೂ ಸ್ಪಷ್ಟ. ಈತ ವರ್ಷವಿಡೀ ಅಡುಗೆಮನೆಯಲ್ಲಿ ಕುಳಿತು ಮನೆಯವರ ಗುಣದೋಷ ನೋಡುತ್ತಾನೆ. ವರ್ಷದ ಕೊನೆಯ ತಿಂಗಳ 23 ಅಥವಾ 24ರಂದು ಸ್ವರ್ಗಕ್ಕೆ ಹೋಗಿ ವರದಿ ಒಪ್ಪಿಸುತ್ತಾನೆ. ಒಳ್ಳೆಯದನ್ನೇ ಹೇಳಲೆಂದು ಚಿತ್ರದ ಬಾಯಿಗೆ ಅಂಟು ಮಿಠಾಯಿ ಸವರಿ, ಆಮೇಲೆ ಚಿತ್ರವನ್ನು ಸುಡುತ್ತಾರೆ. ಹೊಸವರ್ಷಕ್ಕೆ ಹೊಸ ಚಿತ್ರ. ಇವನ ಹಿಂದಿನ ಕಥೆಗಳಲ್ಲಿ ಒಂದು ಹೀಗಿದೆ. ಜಾಂಗ್ ಎಂಬವನು ಗುಣವಂತ ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳ ಹಿಂದೆ ಹೋಗಿ, ಎಲ್ಲವನ್ನೂ ಕಳೆದುಕೊಂಡು ತಿರಿದು ತಿನ್ನುವಂತಾದ. ಒಂದು ಮನೆಯಲ್ಲಿ ಹೊಟ್ಟೆ ತುಂಬ ಊಟ ಸಿಕ್ಕಿತು. ಬಡಿಸಿದವಳು ತಾನು ಬಿಟ್ಟ ಹೆಂಡತಿಯೇ ಎಂದು ತಿಳಿದಾಗ ನಾಚಿಕೆಯಿಂದ ಒಲೆಯೊಳಗೆ ಹೊಕ್ಕು ಸುಟ್ಟುಹೋದ. ಅವನೇ ದೇವರಾದ! ಉಣಬಡಿಸಿದವಳ ಪಾಡು? ಅನೇಕ ಚಿತ್ರಗಳಲ್ಲಿ ಅವನ ಪಕ್ಕದಲ್ಲಿ ಹೆಂಡತಿಯೊಬ್ಬಳು ಕುಳಿತಿರುತ್ತಾಳೆ, ಸದ್ಯ ಅಷ್ಟು ಸಮಾಧಾನ. ಆದರೆ ಒಲೆ ದೇವರಿಗೆ ಹೆಂಗಸರು ನೈವೇದ್ಯ ಮಾಡುವಂತಿಲ್ಲ ಎಂಬ ಗಾದೆ ಅಲ್ಲಿದೆ. ವರ್ಷವಿಡೀ ಆ ಒಲೆಯ ಮುಂದೆ ಬೆಂದವಳು ಆ ಒಂದು ರಾತ್ರಿ ಪಕ್ಕಕ್ಕೆ ಸರಿಯಬೇಕು. ನನಗೆ ಅನಿಸುವುದಿಷ್ಟು: ಆ ಮನೆಗಳಲ್ಲಿ ಯಾರ ವರದಿ ಸ್ವರ್ಗಕ್ಕೆ ಹೋಗಬೇಕಿತ್ತೋ ಅವಳ ವರದಿ ಕೇಳುವವರೇ ಇರಲಿಲ್ಲ.

ಹಾಗಾದರೆ ಈ ಚಿತ್ರಗಳನ್ನು ಬೇಡವೆಂದು ಎತ್ತಿಡಬೇಕೆ? ನನ್ನ ಸಿಟ್ಟನ್ನು ತಡೆದದ್ದು ಲು ಶುನ್. ಚೀನಾದ ಈ ದೊಡ್ಡ ಲೇಖಕ 1926ರಲ್ಲಿ ಬರೆದ ಬಾಲ್ಯದ ನೆನಪುಗಳಲ್ಲಿ ತನ್ನ ಮಂಚದ ಬಳಿ ಅಂಟಿಸಿದ್ದ ಎರಡು ಅಗ್ಗದ ಚಿತ್ರಗಳನ್ನು ನೆನೆಯುತ್ತಾನೆ. ಅದರಲ್ಲೊಂದು ಇಲಿಗಳ ಮದುವೆ. ಮದುಮಗ, ಮದುಮಗಳು, ದಿಬ್ಬಣದವರು ಎಲ್ಲರೂ ಇಲಿಗಳೇ. ಹುನಾನ್ ಪ್ರಾಂತದ ತಾನ್‌ತೌ ಎಂಬ ಊರಿನಲ್ಲೂ ಇಂಥ ಚಿತ್ರ ಪ್ರಸಿದ್ಧ. ಅಲ್ಲಿ ಪಲ್ಲಕ್ಕಿ, ವಾಲಗ ಎಲ್ಲ ಸಾಗುತ್ತಿದ್ದರೆ ದಾರಿಯಲ್ಲಿ ಕುಳಿತ ಬೆಕ್ಕಿಗೆ ಇಲಿಗಳು ಕಾಣಿಕೆ ಕೊಡುತ್ತವೆ. ನಗು ಬರುವ ಚಿತ್ರ. ಆದರೆ ಬೆಕ್ಕಿಗೆ ಲಂಚ ಕೊಡದೆ ದಿಬ್ಬಣ ದಾಟದು ಎಂಬುದನ್ನು ಬಡವರು ಬಲ್ಲರು. ಹುಡುಗ ಲು ಶುನ್ ಆ ಮದುವೆಯನ್ನು ಕಣ್ಣಾರೆ ನೋಡಬೇಕೆಂದು ಹೊಸವರ್ಷದ ತಿಂಗಳ 14ರ ರಾತ್ರಿ ನಿದ್ದೆಗೆಟ್ಟು ಕಾಯುತ್ತಿದ್ದನಂತೆ.

ಅದೇ ನೆನಪುಗಳಲ್ಲಿ ಅವನನ್ನು ನೋಡಿಕೊಳ್ಳುತ್ತಿದ್ದ ಕೆಲಸದವಳ ಕಥೆಯೂ ಇದೆ. ಅಕ್ಷರ ಬಾರದ ಹೆಂಗಸು. ಹುಡುಗ ಚಿತ್ರವಿರುವ ಒಂದು ಹಳೆಯ ಗ್ರಂಥಕ್ಕಾಗಿ ಹಂಬಲಿಸುತ್ತಿದ್ದಾಗ, ಓದಿದ ದೊಡ್ಡವರು ಯಾರೂ ತಂದುಕೊಡದ ಅದನ್ನು ಇವಳು ರಜೆಯಲ್ಲಿ ಊರಿಗೆ ಹೋಗಿ ಬರುವಾಗ ತಂದಳು. ಮರದಚ್ಚಿನ ಒರಟು ಮುದ್ರಣ, ಹಳದಿ ಕಾಗದ, ವಕ್ರವಕ್ರ ಪ್ರಾಣಿಗಳು. ಅವನು ಅತಿ ಹೆಚ್ಚು ಪ್ರೀತಿಸಿದ ಮೊದಲ ಪುಸ್ತಕ ಅದು. ಅವಳನ್ನು ಎಲ್ಲರೂ 'ಆ ಚಾಂಗ್' ಎಂದು ಕರೆಯುತ್ತಿದ್ದರು. ಅದೂ ಅವಳ ಹೆಸರಲ್ಲ, ಹಿಂದೆ ಇದ್ದ ಕೆಲಸದವಳ ಹೆಸರು. ನಿಜವಾದ ಹೆಸರು ಏನೆಂದು ಕೊನೆಗೂ ತಿಳಿಯಲಿಲ್ಲವೆಂದು ಅವನೇ ಬರೆದಿದ್ದಾನೆ. ಇದೇ ಲು ಶುನ್ 1931ರಲ್ಲಿ ಶಾಂಘೈನಲ್ಲಿ ತರುಣ ಕಲಾವಿದರಿಗೆ ಮರಗೆತ್ತನೆಯ ತರಗತಿ ನಡೆಸಿದ. ಹೊಸ ಚೀನೀ ಮರಗೆತ್ತನೆ ಅಲ್ಲಿಂದ ಬೆಳೆಯಿತೆಂದು ಚರಿತ್ರೆಕಾರರು ಹೇಳುತ್ತಾರೆ. ಅದರ ಬೇರಿನಲ್ಲಿ ಹೆಸರಿಲ್ಲದ ಆ ಹೆಂಗಸಿನ ಉಡುಗೊರೆಯೂ ಇದೆ ಎಂದು ನನ್ನ ನಂಬಿಕೆ.

ಅದೇ ವರ್ಷ ಲು ಶುನ್ ಇನ್ನೊಂದು ಮಗುವಿನ ಚಿತ್ರವನ್ನು ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ. ಅದು ಚೀನಾದ್ದಲ್ಲ, ಜರ್ಮನಿಯ ಕಲಾವಿದೆ ಕೇಥೆ ಕೋಲ್ವಿಟ್ಸ್ ಕೆತ್ತಿದ 'ಬಲಿ'. ತಾಯಿಯೊಬ್ಬಳು ಕಣ್ಣು ಮುಚ್ಚಿ ಮಗುವನ್ನು ಮುಂದಕ್ಕೆ ಚಾಚಿ ಹಿಡಿದಿದ್ದಾಳೆ. ಕೋಲ್ವಿಟ್ಸ್‌ಳ ಒಬ್ಬ ಮಗ 1914ರಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತಿದ್ದ. ಆ ಕಪ್ಪು ಬಿಳುಪಿನ ಮಗುವನ್ನು ನಮ್ಮ ಮೀನಿನ ಮಗುವಿನ ಪಕ್ಕದಲ್ಲಿಟ್ಟು ನೋಡಿದೆ. ಒಂದರಲ್ಲಿ ಗಂಡು ಬೇಕೆಂಬ ಮನೆಯ ಆಸೆ ಇದೆ, ತಾಯಿ ಇಲ್ಲ. ಇನ್ನೊಂದರಲ್ಲಿ ಹೆತ್ತವಳ ಕೈಗಳೇ ಚಿತ್ರವಾಗಿವೆ.

ಚಿತ್ರ ಬದಲಾದರೆ ಹಾರೈಕೆ ಬದಲಾದೀತೆ? ಅದನ್ನೂ ಅಲ್ಲಿ ಮಾಡಿ ನೋಡಿದ್ದಾರೆ. 1940ರ ಆಸುಪಾಸಿನಲ್ಲಿ ಯಾನ್‌ಆನ್‌ನಲ್ಲಿದ್ದ ಗು ಯುವಾನ್ ಎಂಬ ಕಲಾವಿದ, ವಿಚ್ಛೇದನ ಕೇಳಲು ಅಧಿಕಾರಿಯ ಮುಂದೆ ಬಂದ ಹಳ್ಳಿಯ ಹೆಣ್ಣನ್ನು ಕೆತ್ತಿದ. ಕೋಲ್ವಿಟ್ಸ್ ಮಾದರಿಯಲ್ಲಿ ದಟ್ಟ ನೆರಳು. ಹಳ್ಳಿಯವರು ನೋಡಿ, ಮುಖದ ಅರ್ಧ ಏಕೆ ಕಪ್ಪಾಗಿದೆ ಎಂದು ಕೇಳಿದರಂತೆ. 1943ರಲ್ಲಿ ಆತ ಅದನ್ನೇ ನ್ಯಾನ್‌ಹ್ವಾದಂತೆ ಸ್ವಚ್ಛ ರೇಖೆಯಲ್ಲಿ ಮತ್ತೆ ಕೆತ್ತಿದ. ಹೊಸವರ್ಷದ ಚಿತ್ರದ ಭಾಷೆಯಲ್ಲಿ ಗಂಡನನ್ನು ಬಿಡಲು ಬಂದ ಹೆಣ್ಣು! 1949ರ ನವೆಂಬರ್‌ನಲ್ಲಿ ಹೊಸ ಸರಕಾರವೇ ಹೊಸ ಬಗೆಯ ನ್ಯಾನ್‌ಹ್ವಾ ಮಾಡಬೇಕೆಂದು ಸೂಚನೆ ಹೊರಡಿಸಿತು. 1980ರ ದಶಕದಲ್ಲಿ ಒಂದೇ ಮಗು ಸಾಕೆಂಬ ಸರಕಾರಿ ಭಿತ್ತಿಚಿತ್ರಗಳಲ್ಲಿ ಅನೇಕ ಕಡೆ ಕಂಡದ್ದು ಹೆಣ್ಣುಮಗು. ಕೆನ್ನೆ ಅಷ್ಟೇ ಕೆಂಪು. ಆದರೂ ಅದೇ ವರ್ಷಗಳಲ್ಲಿ ಹೆಣ್ಣುಭ್ರೂಣಗಳು ಅಲ್ಲೂ ಉಳಿಯಲಿಲ್ಲ, ನಮ್ಮಲ್ಲೂ ಉಳಿಯಲಿಲ್ಲ. ಮೇಲಿನಿಂದ ಬಂದ ಚಿತ್ರ ಮನೆಯೊಳಗಿನ ಆಸೆಯನ್ನು ತಿದ್ದಲಾರದು ಎಂದು ಇದರಿಂದ ಕಲಿತೆ.

ಹಳೆಯ ಚಿತ್ರಗಳನ್ನು ಸುಟ್ಟರೂ ಅದು ಆಗಲಿಲ್ಲ. 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಹಳೆಯದೆಲ್ಲ ಕೆಟ್ಟದ್ದೆಂದು ಎಷ್ಟೋ ಅಚ್ಚುಹಲಗೆಗಳನ್ನು ಬೆಂಕಿಗೆ ಹಾಕಿದರು. ಕೆಲವರು ಬಚ್ಚಿಟ್ಟರು. 2003ರಲ್ಲಿ ಹೆಬೈ ಪ್ರಾಂತದ ವುಚಿಯಾಂಗ್‌ನಲ್ಲಿ ಒಂದು ಹಳೆಯ ಮನೆಯ ಮಾಡಿನೊಳಗಿಂದ ನೂರಕ್ಕೂ ಹೆಚ್ಚು ಹಲಗೆಗಳನ್ನು ಹೊರತೆಗೆದರು. ಆ ಕಾಲದಲ್ಲಿ ದೇಶವಿಡೀ ಈ ಚಿತ್ರಗಳ ದಾಖಲೆ ಮಾಡಿಸಿದವರಲ್ಲಿ ಮುಖ್ಯರು ತ್ಯಾನ್‌ಜಿನ್‌ನ ಕಾದಂಬರಿಕಾರ ಫೆಂಗ್ ಜಿತ್ಸಾಯ್. ಹೆಣ್ಣಿನ ಪಾದ ಕಟ್ಟಿ ಕಿರಿದು ಮಾಡುವ ಹಿಂಸೆಯ ಬಗ್ಗೆ 1986ರಲ್ಲಿ ಕಾದಂಬರಿ ಬರೆದವರೂ ಇವರೇ. ಹಳೆಯದರ ಕ್ರೌರ್ಯವನ್ನು ಬಲ್ಲವರೇ ಹಳೆಯದನ್ನು ಉಳಿಸಲು ಓಡಾಡಿದರು ಎಂಬುದು ನನಗೆ ಮುಖ್ಯವೆನಿಸಿತು. 2006ರಲ್ಲಿ ಈ ಊರುಗಳ ಕಲೆ ಅಲ್ಲಿನ ರಾಷ್ಟ್ರೀಯ ಪರಂಪರೆಯ ಮೊದಲ ಪಟ್ಟಿಗೆ ಸೇರಿತು. ಒಂದು ವರ್ಷ ಬಾಳಿ ಸುಟ್ಟುಹೋಗಬೇಕಾದ ಕಾಗದ ಈಗ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದಿದೆ. ಉಳಿಯಿತಲ್ಲ ಎಂದು ಸಂತೋಷ. ಗಾಜಿನ ಹಿಂದೆ ಹಾರೈಕೆ ಮಾತ್ರ ಕಾಣುತ್ತದೆ, ಕೈ ಕಾಣುವುದಿಲ್ಲ ಎಂದು ಸ್ವಲ್ಪ ಬೇಸರ.

ಕೈ ಕಾಣಬೇಕಾದರೆ ಮ್ಯಾನ್‌ಜುವಿನ ಒಂದು ಬಗೆಯ ಚಿತ್ರಗಳನ್ನು ನೋಡಬೇಕು. ವರ್ಷದ ಕೊನೆಗೆ ಯಜಮಾನನ ಕೆಲಸ ಮುಗಿದ ಮೇಲೆ, ಕೆಲಸಗಾರರು ಬಟ್ಟಲಲ್ಲಿ ಉಳಿದ ಬಣ್ಣದಿಂದ, ಮಿಕ್ಕ ಹಾಳೆಗಳ ಮೇಲೆ, ಕೆಲವೇ ಕುಂಚದ ಬೀಸುಗಳಲ್ಲಿ ದ್ವಾರಪಾಲಕರನ್ನು ಬರೆದು ತಮ್ಮ ಕೈಖರ್ಚಿಗೆ ಮಾರಿಕೊಳ್ಳುತ್ತಿದ್ದರು. ಯಜಮಾನನಿಗೆ ಮಾಡಿದ ನಯವಾದ ಚಿತ್ರಗಳಿಗಿಂತ ಈ ಅವಸರದ ಚಿತ್ರಗಳನ್ನೇ ಬಲ್ಲವರು ಇಂದು ಮೆಚ್ಚುತ್ತಾರೆ. ತನಗಾಗಿ ಬರೆದುಕೊಂಡಾಗ ಕೈಗೆ ಬರುವ ಧೈರ್ಯವೇ ಬೇರೆ.

ನನ್ನ ಮಟ್ಟಿಗೆ ಈ ಚಿತ್ರಗಳನ್ನು ನೋಡುವ ರೀತಿ ಇದು. ರೇಖೆ ಹೇಳುವ ಹಾರೈಕೆಯನ್ನು ಒಪ್ಪಬೇಕಾಗಿಲ್ಲ. ಬಣ್ಣ ತುಂಬಿದ ಕೈಯನ್ನು ಮರೆಯಬಾರದು. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ. ಹೀಗೆ ನೋಡಲು ಕಲಿತ ಮೇಲೆ ನಮ್ಮ ಅತ್ತೆಯವರೂ ನೆನಪಾದರು. ಮಗನಿಗಿಂತ ಮುಂಚೆ ಅವರಿಗೆ ಮೂವರು ಹೆಣ್ಣುಮಕ್ಕಳು. ಅವರ ಎದುರಿಗೆ ಯಾವ ಚಿತ್ರ ತೂಗಿತ್ತೋ, ಎಷ್ಟು ಸಲ ಅದು ಕೆಳಗಿಳಿದಿತ್ತೋ, ನಾನು ಕೇಳಲೇ ಇಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಮುಂದಿನ ವಾರ ಮಗಳು ಬರುತ್ತಾಳೆ. ಚಿತ್ರವನ್ನು ಅವಳ ಕೋಣೆಯಲ್ಲಿ ಹಾಕುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಅವಳ ಮಂಚದ ಎದುರಿನ ಗೋಡೆ ಖಾಲಿ ಇರಲಿ. ಅಲ್ಲಿ ಮೊಳೆಯೂ ಬೇಡ. ಮೀನು ತಬ್ಬಿದ ಮಗುವಿಗೆ ಹಜಾರದಲ್ಲಿ ಜಾಗವಿದೆ. ಬಂದವರು ಗಂಡುಮಗುವೆಂದು ಮುದ್ದಾಡಿದರೆ, ಬಲಗೆನ್ನೆಯ ಕೆಂಪನ್ನು ತೋರಿಸಿ, ಅದನ್ನು ಹಚ್ಚಿದ ಹೆಂಗಸರ ಕಥೆ ಹೇಳುತ್ತೇನೆ. ಯುಗಾದಿಗೆ ಮನೆ ತೊಳೆಯುವಾಗ, ಅವರ ಪದ್ಧತಿಯಂತೆಯೇ, ಚಿತ್ರವನ್ನು ಇಳಿಸುತ್ತೇನೆ. ಅಷ್ಟರಲ್ಲಿ ಮನೆಯಲ್ಲಿ ಒಂದು ಮಗು ಇರುತ್ತದೆ. ಅದು ಯಾವುದಾದರೂ ಸರಿ, ಚಿತ್ರ ಇಳಿಸಿದ್ದಕ್ಕೆ ಅದು ಕಾರಣವಲ್ಲ ಎಂದು ಮೊದಲೇ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ.